ಹೊಟ್ಟೆಯ ಅಂಗಸಾಧನೆ: ಎಷ್ಟು ಸಲ, ಹೇಗೆ?

ಸಂಜೆಯ ಹೊತ್ತು ಕಾಲೇಜಿನ ಮೈದಾನದಲ್ಲಿ ನಾಲ್ಕು ಮಂದಿ ಗೆಳೆಯರು ಕಲೆತರೆ ಅಂಗಸಾಧನೆಯ ಮಾತು ಬಾರದೆ ಇರುವುದಿಲ್ಲ. ತೋಳು, ಎದೆಗಳ ಚರ್ಚೆ ಮುಗಿದ ಮೇಲೆ ಹೊಟ್ಟೆಯ ಸರದಿ. ದಿನಕ್ಕೆ ಎಷ್ಟು ಸಲ ಮಲಗಿ ಏಳಬೇಕು? ವಾರಕ್ಕೆ ಎಷ್ಟು ದಿನ? ಇಟ್ಟಿಗೆ ಜೋಡಿಸಿದಂತೆ ಹೊಟ್ಟೆಯ ಮೇಲೆ ಆರು ಕಟ್ಟು ಕಾಣಬೇಕಾದರೆ ಎಷ್ಟು ತಿಂಗಳು ಹಿಡಿಯುತ್ತದೆ? ಒಬ್ಬನು ನೂರು ಎಂದರೆ ಇನ್ನೊಬ್ಬನು ಐನೂರು ಎನ್ನುತ್ತಾನೆ. ಈ ಪ್ರಶ್ನೆಗೆ ಉತ್ತರ ಹೇಳಲು ನಾನು ವೈದ್ಯನೂ ಅಲ್ಲ, ವ್ಯಾಯಾಮ ಶಿಕ್ಷಕನೂ ಅಲ್ಲ. ಕಲಾ ವಿಭಾಗದ ಒಬ್ಬ ವಿದ್ಯಾರ್ಥಿ. ಆದರೆ ತಪ್ಪು ದಾರಿಯಲ್ಲಿ ನಡೆದು, ಅದಕ್ಕೆ ತೆರಬೇಕಾದುದನ್ನು ತೆತ್ತು, ಆಮೇಲೆ ಓದಿ ಕೇಳಿ ತಿಳಿದುಕೊಂಡವನು ಎಂಬಷ್ಟು ಅಧಿಕಾರ ನನಗುಂಟು. ಆ ಅನುಭವವನ್ನೂ ತಿಳಿವಳಿಕೆಯನ್ನೂ ವಿದ್ಯಾರ್ಥಿ ಮಿತ್ರರ ಮುಂದಿಡುವುದೇ ಈ ಲೇಖನದ ಉದ್ದೇಶ.

ನನ್ನ ಊರು ಸುಳ್ಯ ತಾಲೂಕಿನ ಜಾಲ್ಸೂರು. ಮಾಣಿಯಿಂದ ಮೈಸೂರಿಗೆ ಹೋಗುವ ಹೆದ್ದಾರಿಯಿಂದ ಕಾಸರಗೋಡಿನ ಕಡೆಯ ರಸ್ತೆ ಕವಲೊಡೆಯುವ ಊರು ಅದು. ಸುತ್ತಲೂ ಅಡಿಕೆ ತೋಟಗಳು. ಚಳಿಗಾಲ ಹಿಡಿಯಿತೆಂದರೆ ಹಣ್ಣಡಿಕೆಯ ಕೊಯ್ಲು. ಮನೆ ಮನೆಯ ಅಂಗಳದಲ್ಲಿ ಒಣಹಾಕಿದ ಅಡಿಕೆ. ನನ್ನ ಸೋದರಮಾವ ಮೂವತ್ತು ವರ್ಷಗಳಿಂದ ಈ ಮರಗಳನ್ನು ಹತ್ತಿ ಬದುಕು ಸಾಗಿಸಿದವರು. ಹದಿನೆಂಟು ತುಂಬಿದ ಮೇಲೆ ನಾನೂ ಅವರ ಹಿಂದೆ ಹೋಗಿ ಮರ ಹತ್ತುವುದನ್ನು ಕಲಿತೆ. ರಜೆಯ ದಿನಗಳಲ್ಲಿ ದುಡಿದ ಹಣದಿಂದ ಪರೀಕ್ಷೆಯ ಶುಲ್ಕ, ಬಸ್ಸಿನ ಪಾಸು, ಪುಸ್ತಕಗಳ ಖರ್ಚು ಹೊಂದಿಸಿಕೊಳ್ಳುತ್ತಿದ್ದೆ.

ಪದವಿ ತರಗತಿಯ ಮೊದಲನೆಯ ವರ್ಷ ಕಬಡ್ಡಿ ತಂಡದ ಆಯ್ಕೆ ಹತ್ತಿರ ಬಂದಿತ್ತು. ಮೂವತ್ತು ದಿನಗಳಲ್ಲಿ ಹೊಟ್ಟೆಯನ್ನು ಕಬ್ಬಿಣ ಮಾಡುವ ಕ್ರಮವೊಂದನ್ನು ಮೊಬೈಲಿನಲ್ಲಿ ನೋಡಿ, ಅದನ್ನು ಅಕ್ಷರಶಃ ಪಾಲಿಸಲು ತೊಡಗಿದೆ. ಬೆಳಿಗ್ಗೆ ಐದು ಗಂಟೆಗೆ ಚಾಪೆಯಿಂದ ಎದ್ದವನು ಮುಖವನ್ನೂ ತೊಳೆಯದೆ, ಪಾದಗಳನ್ನು ಮಂಚದ ಅಡಿಗೆ ಸಿಕ್ಕಿಸಿ, ಎರಡು ಕೈಗಳನ್ನೂ ತಲೆಯ ಹಿಂದೆ ಹೆಣೆದು ಮಲಗಿ ಏಳುವುದು, ಮಲಗಿ ಏಳುವುದು. ಮೊದಲ ದಿನ ಐವತ್ತು, ವಾರ ಕಳೆಯುವಾಗ ನೂರೈವತ್ತು, ಮೂರನೆಯ ವಾರದಲ್ಲಿ ಮುನ್ನೂರು. ಒಂದು ದಿನವೂ ತಪ್ಪಿಸಲಿಲ್ಲ. ಅದರ ಹೆಮ್ಮೆಯೂ ನನಗಿತ್ತು. ಇಪ್ಪತ್ತೆರಡನೆಯ ದಿನ ತೋಟದಲ್ಲಿ, ಕಾಲಿಗೆ ತಳೆ ಹಾಕಿಕೊಳ್ಳಲು ಬಗ್ಗಿದವನಿಗೆ ಸೊಂಟ ಹಿಡಿಯಿತು. ಮೇಲೇಳಲಾಗಲಿಲ್ಲ. ಇಬ್ಬರು ಹಿಡಿದು ಮನೆಗೆ ನಡೆಸಿಕೊಂಡು ಹೋದರು. ವೈದ್ಯರು ಎಲುಬಿಗೆ ಏನೂ ಆಗಿಲ್ಲವೆಂದು ಧೈರ್ಯ ಹೇಳಿ, ಆರು ವಾರ ಮರದ ತಂಟೆಗೆ ಹೋಗಬಾರದೆಂದು ಕಟ್ಟುನಿಟ್ಟು ಮಾಡಿದರು. ಕಬಡ್ಡಿಯ ಆಯ್ಕೆ ತಪ್ಪಿತು; ಕೊಯ್ಲಿನ ಒಳ್ಳೆಯ ದಿನಗಳ ದುಡಿಮೆ ತಪ್ಪಿತು; ಆ ವರ್ಷದ ಪರೀಕ್ಷಾ ಶುಲ್ಕವನ್ನು ಮಾವನೇ ಕಟ್ಟಬೇಕಾಯಿತು.

ಶುಲ್ಕದ ಹಣ ಕೈಗೆ ಕೊಡುವಾಗ ಅವರು ಗದರಲಿಲ್ಲ. "ಮಡಚುವುದು ಬಿಡಿಸುವುದು, ಮಡಚುವುದು ಬಿಡಿಸುವುದು ಮಾಡಿದರೆ ಕೊಡೆಯ ಕಡ್ಡಿಯೂ ತುಂಡಾಗ್ತದೆ ಮಾರಾಯ. ಮರದಲ್ಲಿ ಹೊಟ್ಟೆಗೆ ಏನು ಕೆಲಸ ಉಂಟು ಅಂತ ನೀನು ಒಮ್ಮೆ ಸರಿಯಾಗಿ ನೋಡು" ಎಂದರು. ಆರು ವಾರ ನನಗೆ ನೋಡುವುದನ್ನು ಬಿಟ್ಟು ಬೇರೆ ಕೆಲಸವೂ ಇರಲಿಲ್ಲ. ಆ ಮಾತಿನ ಅರ್ಥ ಹೊಳೆಯಬೇಕಾದರೆ ಹೊಟ್ಟೆಯ ರಚನೆಯನ್ನು ಸ್ವಲ್ಪ ತಿಳಿಯುವುದು ಅಗತ್ಯ.

ಹೊಟ್ಟೆಯ ಮುಂಗೋಡೆಯಲ್ಲಿಯೂ ಪಕ್ಕದ ಗೋಡೆಗಳಲ್ಲಿಯೂ ಮುಖ್ಯವಾಗಿ ನಾಲ್ಕು ಜೊತೆ ಸ್ನಾಯುಗಳಿವೆ. ಮೊದಲನೆಯದು ನೇರ ಸ್ನಾಯು. ಇದು ಹೊಟ್ಟೆಯ ಬುಡದ ಎಲುಬಿನಿಂದ ಹೊರಟು 5, 6 ಮತ್ತು 7ನೆಯ ಪಕ್ಕೆಲುಬುಗಳ ಮೆದು ಎಲುಬಿನವರೆಗೆ ಏರುತ್ತದೆ. ಎಡ ಬಲ ಎರಡಕ್ಕೂ ನಡುವೆ ಬಿಳಿಯ ನಾರಿನ ಪಟ್ಟಿಯೊಂದಿದೆ. ಪ್ರತಿಯೊಂದನ್ನೂ ಅಡ್ಡಲಾಗಿ ಸಾಮಾನ್ಯವಾಗಿ ಮೂರು ನಾರುಗೆರೆಗಳು ದಾಟುತ್ತವೆ. ಜನರು ಬಯಸುವ 'ಆರು ಕಟ್ಟು' ಎಂದರೆ ಈ ಗೆರೆಗಳ ನಡುವಿನ ಉಬ್ಬುಗಳಲ್ಲದೆ ಬೇರೆಯಲ್ಲ. ಈ ಗೆರೆಗಳು ಹುಟ್ಟಿನಿಂದ ಬಂದವು. ಕೆಲವರಿಗೆ ನಾಲ್ಕು ಕಟ್ಟು, ಕೆಲವರಿಗೆ ಎಂಟು. ಕೆಲವರಿಗೆ ಎಡ ಬಲಗಳು ಸಮನಾಗಿರುವುದಿಲ್ಲ. ಯಾವ ವ್ಯಾಯಾಮವೂ ಈ ಸಂಖ್ಯೆಯನ್ನು ಬದಲಿಸಲಾರದು.

ಎರಡನೆಯದು ಹೊರ ಓರೆ ಸ್ನಾಯು. ಜೇಬಿನೊಳಕ್ಕೆ ಕೈ ಇಳಿಸಿದಾಗ ಬೆರಳುಗಳು ಯಾವ ದಿಕ್ಕಿಗೆ ಚಾಚುತ್ತವೆಯೋ ಆ ದಿಕ್ಕಿನಲ್ಲಿ ಇದರ ಎಳೆಗಳು ಹಾಯುತ್ತವೆ. ಮೂರನೆಯದು ಅದರ ಕೆಳಗಿನ ಒಳ ಓರೆ ಸ್ನಾಯು. ಇದರ ಎಳೆಗಳು ಬಹುಮಟ್ಟಿಗೆ ಅದಕ್ಕೆ ಅಡ್ಡವಾಗಿವೆ. ಎಲ್ಲಕ್ಕೂ ಒಳಗೆ, ಸೊಂಟಪಟ್ಟಿಯಂತೆ ಹೊಟ್ಟೆಯನ್ನು ಸುತ್ತಿರುವುದು ಅಡ್ಡ ಸ್ನಾಯು. ಬೇರೆ ಬೇರೆ ದಿಕ್ಕಿನ ಎಳೆಗಳ ಈ ಪದರಗಳು ಸೇರಿ ಗೋಡೆಗೆ ಬಲ ಕೊಡುತ್ತವೆ. ಬುಟ್ಟಿಯ ಹೆಣಿಗೆಯನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇವುಗಳ ಕೆಲಸವೇನು? ಮುಂದಕ್ಕೆ ಬಗ್ಗಿಸುವುದು, ಪಕ್ಕಕ್ಕೆ ವಾಲಿಸುವುದು, ತಿರುಗಿಸುವುದು, ಇವು ಕಣ್ಣಿಗೆ ಕಾಣುವ ಕೆಲಸಗಳು. ಕಾಣದ ಕೆಲಸ ಇದಕ್ಕಿಂತ ದೊಡ್ಡದು. ಕೈಕಾಲುಗಳು ಬಲ ಹಾಕುವಾಗ ನಡು ಬಾಗದಂತೆ, ತಿರುಚದಂತೆ ಹಿಡಿದು ನಿಲ್ಲಿಸುವುದು, ಕಾಲಿನ ಬಲವನ್ನು ಸೋರದಂತೆ ಕೈಗೆ ತಲುಪಿಸುವುದು, ಉಸಿರನ್ನು ಹೊರದೂಡುವುದು, ಕೆಮ್ಮು, ಸೀನು, ಮಲವಿಸರ್ಜನೆಗಳಿಗೆ ಬೇಕಾದ ಒತ್ತಡವನ್ನು ಒದಗಿಸುವುದು. ಒಂದೇ ಉಸಿರಿನಲ್ಲಿ 'ಕಬಡ್ಡಿ, ಕಬಡ್ಡಿ' ಎನ್ನುತ್ತ ಎದುರಾಳಿಗಳ ಅಂಕಣಕ್ಕೆ ನುಗ್ಗುವ ಆಟಗಾರನಿಗೆ ಉಸಿರನ್ನು ಅಳೆದು ಬಿಡುವವು ಈ ಸ್ನಾಯುಗಳೇ. ಅವನ ಕಾಲನ್ನು ಒಬ್ಬನು ಹಿಡಿದೆಳೆಯುವಾಗ ನಡು ಕುಸಿಯದಂತೆ ತಡೆಯುವವೂ ಇವೇ. ಯಕ್ಷಗಾನದ ವೇಷಧಾರಿ ದಿಗಿಣ ಹಾರಿ ನೆಲಕ್ಕೆ ಬಂದಾಗ ಕಿರೀಟ ಅಲುಗಾಡದೆ ನಿಲ್ಲುವುದರಲ್ಲಿಯೂ ಇವುಗಳ ಪಾಲಿದೆ.

ಇದೇ ಕಣ್ಣಿನಿಂದ ನಾನು ಮಾವ ಮರ ಹತ್ತುವುದನ್ನು ನೋಡಿದೆ. ಎರಡು ಕೈಗಳಿಂದ ಮರವನ್ನು ತಬ್ಬಿ, ತಳೆ ಹಾಕಿದ ಪಾದಗಳನ್ನು ಮೇಲಕ್ಕೆ ಎಳೆದುಕೊಳ್ಳುತ್ತಾರೆ. ಅನಂತರ ಪಾದಗಳನ್ನು ಒತ್ತಿ ದೇಹವನ್ನು ಎತ್ತುತ್ತಾರೆ. ಮಂಡಿಗಳು ಮೇಲಕ್ಕೆ ಬರುತ್ತವೆ, ತೊಡೆಯ ಸಂದು ಮಡಿಯುತ್ತದೆ. ಆದರೆ ಸೊಂಟದ ಬೆನ್ನೆಲುಬು ಬಹುಮಟ್ಟಿಗೆ ಇದ್ದಂತೆಯೇ ಇರುತ್ತದೆ. ತುದಿಯಲ್ಲಿ ಒಂದು ಕೈಯಿಂದ ಮರ ಹಿಡಿದು ಇನ್ನೊಂದು ಕೈಯಿಂದ ಗೊನೆ ಕೊಯ್ಯುವಾಗ, ಮರವನ್ನು ತೂಗಿ ಪಕ್ಕದ ಮರಕ್ಕೆ ದಾಟುವಾಗ, ಹೊಟ್ಟೆಯ ಪಕ್ಕಗಳು ಹಲಗೆಯಂತೆ ಗಟ್ಟಿಯಾಗುವುದು ಕೆಳಗಿನಿಂದಲೇ ಕಾಣುತ್ತಿತ್ತು. ಇಡೀ ದಿನದ ಕೆಲಸದಲ್ಲಿ ಅವರು ನನ್ನಂತೆ ಹೊಟ್ಟೆಯನ್ನು ಮುನ್ನೂರು ಸಲ ಮಡಚಿ ಬಿಡಿಸಿದ್ದನ್ನು ನಾನು ಕಾಣಲಿಲ್ಲ. ಹೊಟ್ಟೆಯ ಮುಖ್ಯ ಕೆಲಸ ಮಡಚುವುದಲ್ಲ, ಹಿಡಿದು ನಿಲ್ಲಿಸುವುದು. ಮಾವ ಹೇಳಿದ್ದೂ ಇದನ್ನೇ.

ಹಾಗಾದರೆ ನನ್ನ ಸೊಂಟ ಏಕೆ ಹಿಡಿಯಿತು? ಆಮೇಲೆ ಓದಿದಾಗ ನನ್ನ ಕ್ರಮದಲ್ಲಿ ನಾಲ್ಕು ದೋಷಗಳು ಕಂಡುಬಂದವು. ಮೊದಲನೆಯದು ಪಾದಗಳನ್ನು ಮಂಚಕ್ಕೆ ಸಿಕ್ಕಿಸಿದ್ದು. ಹಾಗೆ ಮಾಡಿದಾಗ ಹೊಟ್ಟೆಗಿಂತ ಹೆಚ್ಚಾಗಿ, ಸೊಂಟದ ಬೆನ್ನೆಲುಬಿನಿಂದ ತೊಡೆಯೆಲುಬಿಗೆ ಹೋಗುವ ಸ್ನಾಯುಗಳು ದುಡಿಯುತ್ತವೆ. ಅವು ಪ್ರತಿಸಲವೂ ಬೆನ್ನೆಲುಬನ್ನು ಜಗ್ಗಿ ಒತ್ತುತ್ತವೆ. ಎರಡನೆಯದು ಹೊತ್ತು. ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತನೆಯ ಬಿಲ್ಲೆಗಳು ರಾತ್ರಿ ಮಲಗಿರುವಾಗ ನೀರು ಹೀರಿ ಉಬ್ಬುತ್ತವೆ. ಎದ್ದ ಮೊದಲ ಒಂದು ಗಂಟೆ ಬಗ್ಗಿದರೆ ಅವುಗಳ ಮೇಲೆ ಬೀಳುವ ಒತ್ತಡ ಹೆಚ್ಚು. ನಾನು ಆರಿಸಿಕೊಂಡದ್ದು ಅದೇ ಗಂಟೆ. ಮೂರನೆಯದು ದಿನವೂ ಬಿಡುವಿಲ್ಲದೆ ಮಾಡಿದ್ದು. ನಾಲ್ಕನೆಯದು ಮೂರು ವಾರಗಳಲ್ಲಿ ಐವತ್ತರಿಂದ ಮುನ್ನೂರಕ್ಕೆ ಹಾರಿದ್ದು. ಮಲಗಿ ಏಳುವ ವ್ಯಾಯಾಮ ಎಲ್ಲರ ಬೆನ್ನನ್ನೂ ಕೆಡಿಸುತ್ತದೆಂದು ನಾನು ಹೇಳುವುದಿಲ್ಲ. ಮಿತವಾಗಿ ಮಾಡಿ ಸುಖವಾಗಿರುವವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಬಹಳ ವರ್ಷ ಅದನ್ನು ಪರೀಕ್ಷೆಯಾಗಿ ಇಟ್ಟುಕೊಂಡಿದ್ದ ಅಮೆರಿಕದ ನೌಕಾದಳವೇ 2021ರಲ್ಲಿ ಅದನ್ನು ಕೈಬಿಟ್ಟು, ಮೊಣಕೈಗಳ ಮೇಲೆ ಹಲಗೆಯಂತೆ ನೇರವಾಗಿ ನಿಲ್ಲುವ ಪರೀಕ್ಷೆಯನ್ನು ತಂದಿತೆಂಬುದು ಗಮನಾರ್ಹ.

ಈಗ ಮೂಲ ಪ್ರಶ್ನೆಗೆ ಬರೋಣ. ವಾರಕ್ಕೆ ಎಷ್ಟು ದಿನ? ಹೊಟ್ಟೆಯ ಸ್ನಾಯು ದಿನವೂ ದುಡಿಸಬಹುದಾದ ವಿಶೇಷ ಜಾತಿಯದೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಬಲ ಬೆಳೆಸುವ ವಿಷಯದಲ್ಲಿ ಅದೂ ತೋಳು ತೊಡೆಗಳ ಸ್ನಾಯುವಿನಂತೆಯೇ. ಸ್ನಾಯು ಬೆಳೆಯುವುದು ವ್ಯಾಯಾಮದ ಹೊತ್ತಿನಲ್ಲಿ ಅಲ್ಲ, ಅದಾದ ಮೇಲಿನ ವಿಶ್ರಾಂತಿಯಲ್ಲಿ. ಕಷ್ಟದ ಸಾಧನೆಯ ಅನಂತರ ಸುಮಾರು 24ರಿಂದ 48 ಗಂಟೆಗಳವರೆಗೆ ಸ್ನಾಯುವಿನೊಳಗೆ ಪ್ರೋಟೀನಿನ ಹೊಸ ಕಟ್ಟಡದ ಕೆಲಸ ಹೆಚ್ಚಾಗಿ ನಡೆಯುತ್ತದೆ. ಗೋಡೆಗೆ ಗಾರೆ ಹಾಕಿ, ಅದು ಒಣಗುವ ಮುನ್ನವೇ ಮತ್ತೆ ಕೆರೆದರೆ ಗೋಡೆ ಏಳುವುದುಂಟೆ? ಅಮೆರಿಕದ ಕ್ರೀಡಾವೈದ್ಯಕೀಯ ಸಂಸ್ಥೆಯು 2009ರಲ್ಲಿ ಹೊಸಬರಿಗೆ ವಾರಕ್ಕೆ ಎರಡು ಅಥವಾ ಮೂರು ದಿನದ ಬಲಸಾಧನೆಯನ್ನು ಹೇಳಿತು. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ವಯಸ್ಕರೆಲ್ಲರಿಗೂ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮ ಬೇಕೆಂದು ಹೇಳಿದೆ. ಅದರ ಜೊತೆಗೆ ಬಿರುಸು ನಡಿಗೆಯಂಥ ಮಧ್ಯಮ ಶ್ರಮ 150ರಿಂದ 300 ನಿಮಿಷ. ಆದುದರಿಂದ ಹೊಟ್ಟೆಗೆ ಭಾರದ ಸಾಧನೆ ವಾರಕ್ಕೆ ಎರಡು ದಿನ, ಪಳಗಿದ ಮೇಲೆ ಮೂರು ದಿನ, ನಡುವೆ ಒಂದಾದರೂ ದಿನ ಬಿಡುವು ಎಂಬುದು ವಿದ್ಯಾರ್ಥಿಗೆ ಸಾಕಾದ ನಿಯಮ. ಆಯಾಸವಾಗದಷ್ಟು ಹಗುರವಾದ ಹಿಡಿತದ ಅಭ್ಯಾಸಗಳನ್ನು ಮಾತ್ರ ದಿನವೂ ಮಾಡಲು ಅಡ್ಡಿಯಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಕೊಯ್ಲಿನ ಕಾಲದಲ್ಲಿ ಮಾವ ದಿನವೂ ಮರ ಹತ್ತುತ್ತಾರಲ್ಲ? ನಾನೂ ಅವರನ್ನು ಇದೇ ಪ್ರಶ್ನೆ ಕೇಳಿದೆ. ಅವರ ಶರೀರಕ್ಕೆ ಆ ಶ್ರಮ ಮೂವತ್ತು ವರ್ಷಗಳಲ್ಲಿ ಮೆಲ್ಲಮೆಲ್ಲನೆ ಒಗ್ಗಿದುದು. ನಡುವೆ ಎಲೆಯಡಿಕೆ ಹಾಕುವ ವಿರಾಮಗಳಿವೆ. ಕೊಯ್ಲು ಮುಗಿದ ಮೇಲೆ ಮರ ಹತ್ತದ ತಿಂಗಳುಗಳಿವೆ. ಅಲ್ಲದೆ ಕೊಯ್ಲಿನ ಮೊದಲ ವಾರ ಅವರು ಎಂದೂ ಇಡೀ ದಿನ ಹತ್ತುವುದಿಲ್ಲ, ಮಧ್ಯಾಹ್ನಕ್ಕೆ ಇಳಿದುಬಿಡುತ್ತಾರೆ. ಪುಸ್ತಕ ಓದದೆಯೇ ಅವರು ಪಾಲಿಸುವ ಈ ನಿಯಮವನ್ನು ಪುಸ್ತಕ ಓದುವ ನಾನು ಮುರಿದಿದ್ದೆ.

ಇನ್ನು ಬೊಜ್ಜಿನ ವಿಷಯ. ಹೊಟ್ಟೆಯ ವ್ಯಾಯಾಮದಿಂದ ಹೊಟ್ಟೆಯ ಬೊಜ್ಜು ಕರಗುತ್ತದೆ ಎಂಬುದು ನಮ್ಮಲ್ಲಿ ಬಹಳ ಮಂದಿಯ ಭ್ರಮೆ. 2011ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 24 ಮಂದಿ ಭಾಗವಹಿಸಿದ್ದರು. ಒಂದು ಗುಂಪು ಆರು ವಾರಗಳ ಕಾಲ, ವಾರಕ್ಕೆ ಐದು ದಿನದಂತೆ, ಏಳು ಬಗೆಯ ಹೊಟ್ಟೆಯ ವ್ಯಾಯಾಮಗಳನ್ನು ಮಾಡಿತು. ಇನ್ನೊಂದು ಗುಂಪು ಮಾಡಲಿಲ್ಲ. ವ್ಯಾಯಾಮ ಮಾಡಿದವರ ಹೊಟ್ಟೆಯ ಸ್ನಾಯುಗಳ ಸಹನಶಕ್ತಿ ಹೆಚ್ಚಿತು. ಹೊಟ್ಟೆಯ ಕೊಬ್ಬು ಮಾತ್ರ ಕಡಮೆಯಾಗಲಿಲ್ಲ. ದೇಹವು ಕೊಬ್ಬನ್ನು ಖರ್ಚು ಮಾಡುವಾಗ ದುಡಿದ ಜಾಗದಿಂದಲೇ ತೆಗೆಯುವುದಿಲ್ಲ. ಇಡೀ ಶರೀರದ ಭಂಡಾರದಿಂದ ತನಗೆ ತೋಚಿದಂತೆ ತೆಗೆಯುತ್ತದೆ. ಬೊಜ್ಜು ಕರಗಬೇಕಾದರೆ ಊಟದಲ್ಲಿ ಮಿತಿ, ನಡಿಗೆ, ಆಟ, ಮೈಮುರಿಯುವ ಕೆಲಸ, ಸಾಕಷ್ಟು ನಿದ್ರೆ ಇವೇ ಉಪಾಯ. ಬಟ್ಟಲು ತುಂಬ ಕುಚ್ಚಲಕ್ಕಿ ಗಂಜಿ ಉಂಡು ದಿನವಿಡೀ ತೋಟದಲ್ಲಿ ದುಡಿದ ಹಿರಿಯರ ಊಟವನ್ನು, ದಿನವಿಡೀ ಬೆಂಚಿನ ಮೇಲೆ ಕುಳಿತಿರುವ ನಾವು ಹಾಗೆಯೇ ಉಣ್ಣಲಾಗದು. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರು, ಹೆಂಗಸರಿಗೆ 80 ಸೆಂಟಿಮೀಟರು ಮೀರಿದರೆ ಭಾರತೀಯರಲ್ಲಿ ಸಿಹಿಮೂತ್ರ ಮತ್ತು ಹೃದ್ರೋಗಗಳ ಅಪಾಯ ಹೆಚ್ಚೆಂದು ವೈದ್ಯರು ಎಣಿಸುತ್ತಾರೆ. ಕಟ್ಟುಗಳನ್ನು ಎಣಿಸುವ ಬದಲು ದರ್ಜಿಯ ಟೇಪಿನಿಂದ ಈ ಅಳತೆಯನ್ನು ನೋಡಿಕೊಳ್ಳುವುದು ಹೆಚ್ಚು ಪ್ರಯೋಜನಕರ.

ನಮ್ಮ ನಾಡಿನ ಹಿಂದಿನವರು ಹೊಟ್ಟೆಯನ್ನು ಹೇಗೆ ಬಲಪಡಿಸುತ್ತಿದ್ದರು? ತುಳುನಾಡಿನ ನಮಗೆ ಗರಡಿ ಎಂದರೆ ಕೋಟಿ ಚೆನ್ನಯರ ಗುಡಿ. ಎಣ್ಮೂರಿನ ಗರಡಿ ಪ್ರಸಿದ್ಧವಾದುದು. ಘಟ್ಟದ ಮೇಲೆ ಮೈಸೂರಿನ ಕಡೆ ಗರಡಿ ಎಂದರೆ ಕುಸ್ತಿಯ ಮನೆ. ಅಲ್ಲಿಯ ಪೈಲ್ವಾನರ ಸಾಮು ಎಂದರೆ ದಂಡ, ಬಸ್ಕಿ, ಗದೆ ತಿರುಗಿಸುವುದು, ಮಟ್ಟಿಯಲ್ಲಿ ಸೆಣಸುವುದು. ದಂಡ ಹೊಡೆಯುವಾಗ ಅಂಗೈ ಮತ್ತು ಕಾಲ್ಬೆರಳುಗಳ ನಡುವೆ ಮೈಯನ್ನು ತೂಗಿ ಹಿಡಿಯುವುದು ಹೊಟ್ಟೆ; ಗದೆ ಬೆನ್ನ ಹಿಂದೆ ತೂಗುವಾಗ ನಡು ವಾಲದಂತೆ ತಡೆಯುವುದೂ ಹೊಟ್ಟೆ. ಇಡೀ ಮೈಯ ಸಾಧನೆಯಲ್ಲಿ ಹೊಟ್ಟೆ ತನ್ನ ಪಾಲನ್ನು ತಾನೇ ಪಡೆಯುತ್ತಿತ್ತು.

ಬೆಂಗಳೂರಿನ ಕೆ. ವಿ. ಅಯ್ಯರ್ ಅವರನ್ನು ಸಾಹಿತ್ಯದ ವಿದ್ಯಾರ್ಥಿಗಳಾದ ನಾವು 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಕರ್ತೃಗಳೆಂದು ಬಲ್ಲೆವು. ಅದೇ ಅಯ್ಯರ್ ಅವರು ಭಾರತದ ಹೆಸರಾಂತ ಅಂಗಸಾಧಕರಲ್ಲಿ ಒಬ್ಬರಾಗಿದ್ದರೆಂಬುದು ಎಲ್ಲರಿಗೂ ತಿಳಿದಿರಲಾರದು. ಅವರು ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿದರು. ದೂರದವರಿಗೆ ಅಂಚೆಯ ಮೂಲಕವೂ ಪಾಠಗಳನ್ನು ಕಳುಹಿಸಿದರು. 1930ರಲ್ಲಿ 'ಮಸಲ್ ಕಲ್ಟ್' ಎಂಬ ಇಂಗ್ಲಿಷ್ ಪುಸ್ತಕವನ್ನು ಹೊರತಂದರು. ಭಾರ ಎತ್ತುವ ಪಾಶ್ಚಾತ್ಯ ಪದ್ಧತಿಯ ಜೊತೆಗೆ ನಮ್ಮ ಹಠಯೋಗ, ಸೂರ್ಯನಮಸ್ಕಾರಗಳನ್ನೂ ಕೂಡಿಸಿಕೊಂಡದ್ದು ಅವರ ಹಿರಿಮೆ. ಅದೇ ಕಾಲದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಪಾಠ ಹೇಳುತ್ತಿದ್ದವರು ತಿರುಮಲೈ ಕೃಷ್ಣಮಾಚಾರ್ಯರು. ಅವರ 'ಯೋಗ ಮಕರಂದ' 1934ರಲ್ಲಿ ಕನ್ನಡದಲ್ಲಿಯೇ ಅಚ್ಚಾಯಿತು. ಚಲನೆಗೆ ಉಸಿರನ್ನು ಹೊಂದಿಸುವುದು ಅವರ ಬೋಧನೆಯ ಜೀವಾಳ. ಹೊಟ್ಟೆಯ ಸಾಧನೆಯಲ್ಲಿ ಈ ಮಾತು ಮುಖ್ಯ: ಶ್ರಮ ಬೀಳುವಾಗ ಉಸಿರು ಬಿಡಬೇಕು, ಸಡಿಲಿಸುವಾಗ ಎಳೆದುಕೊಳ್ಳಬೇಕು. ಉಸಿರು ಕಟ್ಟಿ ಮುಕ್ಕಿದರೆ ರಕ್ತದ ಒತ್ತಡ ಥಟ್ಟನೆ ಏರುತ್ತದೆ.

ಇನ್ನು ಕ್ರಮವನ್ನು ಹೇಳುತ್ತೇನೆ. ಇದಕ್ಕೆ ಯಂತ್ರ ಬೇಡ, ಹಣ ಬೇಡ; ಒಂದು ಚಾಪೆ, ಒಂದು ಬಕೆಟ್ ನೀರು, ಭಾರ ತಾಳುವ ಒಂದು ಅಡ್ಡಪಟ್ಟಿ ಸಾಕು. ಇವುಗಳಲ್ಲಿ ಮೊದಲಿನ ಮೂರನ್ನು ಬೆನ್ನುನೋವಿನ ಅಧ್ಯಯನದಲ್ಲಿ ಹೆಸರಾದ, ಕೆನಡಾದ ವಾಟರ್ಲೂ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಸ್ಟೂವರ್ಟ್ ಮ್ಯಾಕ್‌ಗಿಲ್ ಅವರು ಪ್ರಚಾರಕ್ಕೆ ತಂದರು.

ಒಂದು, ಅರೆ ಏಳುವಿಕೆ. ಅಂಗಾತ ಮಲಗಿ ಒಂದು ಮಂಡಿಯನ್ನು ಮಡಚಿ, ಇನ್ನೊಂದು ಕಾಲನ್ನು ಚಾಚಿರಬೇಕು. ಎರಡು ಅಂಗೈಗಳನ್ನೂ ಸೊಂಟದ ಅಡಿಯ ಸಂದಿನಲ್ಲಿ ಇಡಬೇಕು. ತಲೆ ಮತ್ತು ಹೆಗಲನ್ನು ಮಾತ್ರ ನೆಲದಿಂದ ಸ್ವಲ್ಪ ಎತ್ತಿ, ಉಸಿರಾಡುತ್ತಲೇ ಹತ್ತು ಸೆಕೆಂಡು ಹಿಡಿದು ಇಳಿಸಬೇಕು. ಗದ್ದವನ್ನು ಎದೆಗೆ ಒತ್ತಬಾರದು. ಸೊಂಟ ಅಂಗೈಯ ಮೇಲೆ ಅಲುಗಾಡಬಾರದು. ಅಲುಗಾಡಿದರೆ ಹೆಚ್ಚು ಎತ್ತಿದಿರಿ ಎಂದರ್ಥ.

ಎರಡು, ಬದಿಯ ಹಲಗೆ. ಒಂದು ಪಕ್ಕಕ್ಕೆ ಮಲಗಿ ಮೊಣಕೈಯನ್ನು ಹೆಗಲಿನ ನೇರಕ್ಕೆ ಊರಿ, ಸೊಂಟವನ್ನು ನೆಲದಿಂದ ಎತ್ತಿ ಹಿಡಿಯಬೇಕು. ಹೊಸಬರು ಮಂಡಿಗಳನ್ನು ಊರಬಹುದು. ಬಲ ಬಂದ ಮೇಲೆ ಪಾದಗಳನ್ನು. ಓರೆ ಸ್ನಾಯುಗಳಿಗೆ ಇದಕ್ಕಿಂತ ಸುಲಭವಾದ, ಅಪಾಯ ಕಡಮೆಯಾದ ಸಾಧನೆಯನ್ನು ನಾನು ಕಂಡಿಲ್ಲ.

ಮೂರು, ಅಂಬೆಗಾಲಿನ ಚಾಚು. ಅಂಗೈ ಮತ್ತು ಮಂಡಿಗಳ ಮೇಲೆ ನಿಂತು, ಬಲಗೈಯನ್ನು ಮುಂದಕ್ಕೂ ಎಡಗಾಲನ್ನು ಹಿಂದಕ್ಕೂ ನೇರವಾಗಿ ಚಾಚಿ ಹತ್ತು ಸೆಕೆಂಡು ಹಿಡಿಯಬೇಕು, ಅನಂತರ ಅದಲುಬದಲು. ಬೆನ್ನಿನ ಮೇಲೆ ನೀರು ತುಂಬಿದ ಲೋಟವಿದೆ, ಅದು ಚೆಲ್ಲಬಾರದು ಎಂದು ಭಾವಿಸಿದರೆ ರೀತಿ ತಾನಾಗಿ ಸರಿಯಾಗುತ್ತದೆ. ಈ ಮೂರನ್ನೂ ಹತ್ತು ಹತ್ತು ಸೆಕೆಂಡಿನಂತೆ ಮೊದಲು ಆರು ಸಲ, ಸ್ವಲ್ಪ ಸುಧಾರಿಸಿಕೊಂಡು ನಾಲ್ಕು ಸಲ, ಮತ್ತೆ ಎರಡು ಸಲ ಮಾಡುವುದು ವಾಡಿಕೆ. ಹಗುರವಾದ ಇವು ದಿನವೂ ನಡೆಯುತ್ತವೆ.

ನಾಲ್ಕು, ಹಲಗೆ ಭಂಗಿ. ಮೊಣಕೈಗಳು ಮತ್ತು ಕಾಲ್ಬೆರಳುಗಳ ಮೇಲೆ, ತಲೆಯಿಂದ ಹಿಮ್ಮಡಿಯವರೆಗೆ ಒಂದೇ ಗೆರೆಯಾಗಿ ನಿಲ್ಲಬೇಕು. ಸೊಂಟ ತೊಟ್ಟಿಲಿನಂತೆ ಜೋತುಬೀಳಬಾರದು. ಇಪ್ಪತ್ತು ಸೆಕೆಂಡಿನಿಂದ ಆರಂಭಿಸಿ ಒಂದು ನಿಮಿಷಕ್ಕೆ ತಲುಪಿದರೆ ಸಾಕು. ಆಮೇಲೆ ಐದು ನಿಮಿಷದ ಪಂದ್ಯಕ್ಕೆ ಇಳಿಯುವ ಬದಲು, ಒಂದು ಪಾದವನ್ನು ಎತ್ತಿ ಅದನ್ನು ಕಷ್ಟಗೊಳಿಸುವುದು ಲೇಸು.

ಐದು, ಜೋತು ಮಂಡಿ ಎತ್ತುವುದು. ಅಡ್ಡಪಟ್ಟಿಗೆ ಜೋತು, ಮೈ ತೂಗದಂತೆ, ಮಂಡಿಗಳನ್ನು ಹೊಟ್ಟೆಯ ಮಟ್ಟಕ್ಕೆ ಎತ್ತಿ ನಿಧಾನವಾಗಿ ಇಳಿಸಬೇಕು. ಎಂಟರಿಂದ ಹನ್ನೆರಡು ಸಲ. ಒಂದೆರಡು ನಿಮಿಷ ವಿರಾಮ. ಹೀಗೆ ಮೂರು ಸರದಿ. ಜೋಲಲಾರದವರು ಅಂಗಾತ ಮಲಗಿ ಮಂಡಿಗಳನ್ನು ಮೇಲಿರಿಸಿ, ಸೊಂಟವನ್ನು ಚಾಪೆಗೆ ಒತ್ತಿಕೊಂಡೇ ಒಂದೊಂದು ಕಾಲನ್ನು ನಿಧಾನವಾಗಿ ಇಳಿಸಬಹುದು. ಬಲ ಬೆಳೆಸುವ ಭಾರದ ಸಾಧನೆ ಇದು. ಇದನ್ನು ವಾರಕ್ಕೆ ಎರಡು ಮೂರು ದಿನಕ್ಕಿಂತ ಹೆಚ್ಚು ಮಾಡಬಾರದು.

ಆರು, ಒಂದೇ ಕೈಯ ಹೊರೆ. ತುಂಬಿದ ಬಕೆಟನ್ನು ಒಂದು ಕೈಯಲ್ಲಿ ಹಿಡಿದು, ಯಾವ ಪಕ್ಕಕ್ಕೂ ವಾಲದೆ ಮೂವತ್ತು ಹೆಜ್ಜೆ ನಡೆಯುವುದು. ಹಿಂದಿರುಗುವಾಗ ಇನ್ನೊಂದು ಕೈ. ಬಾವಿಯಿಂದ ಮನೆಗೆ ನೀರು ಹೊರುವ ವಿದ್ಯಾರ್ಥಿನಿಯರು ಇದನ್ನು ಈಗಾಗಲೇ ಮಾಡುತ್ತಿದ್ದಾರೆ. ಕೈ ಬದಲಿಸುವುದನ್ನು ಮಾತ್ರ ಮರೆಯಬಾರದು. ಹೆಂಗಸರಿಗೆ ಹೊಟ್ಟೆಯ ಸಾಧನೆ ಬೇಡವೆನ್ನುವುದು ಅಜ್ಞಾನ. ಮೇಲೆ ಹೇಳಿದ ಎಲ್ಲವೂ ಅವರಿಗೂ ಅನ್ವಯಿಸುತ್ತವೆ.

ಮೊದಲ ಎಂಟು ವಾರ ಸೋಮವಾರ ಮತ್ತು ಗುರುವಾರ ಭಾರದ ಸಾಧನೆ. ಒಗ್ಗಿದ ಮೇಲೆ ಸೋಮ, ಬುಧ, ಶುಕ್ರ. ಪ್ರತಿ ಸಲಕ್ಕೆ ಇಪ್ಪತ್ತು ನಿಮಿಷ ಧಾರಾಳವಾಯಿತು. ಎಲ್ಲ ಸರದಿಗಳಲ್ಲಿಯೂ ಹನ್ನೆರಡು ಸಲ ಶುದ್ಧವಾಗಿ ಬಂದರೆ ಮಾತ್ರ ಮುಂದಿನ ವಾರ ಸ್ವಲ್ಪ ಕಷ್ಟಗೊಳಿಸಬೇಕು. ಹೊಟ್ಟೆ ಮುಟ್ಟಿದರೆ ನೋಯುವ ದಿನ ಭಾರದ ಸಾಧನೆ ಬೇಡ. ಕಬಡ್ಡಿಯ ಪಂದ್ಯವಿರುವ ದಿನ ಪಂದ್ಯವೇ ಹೊಟ್ಟೆಯ ಸಾಧನೆಯೆಂದು ಲೆಕ್ಕ. ಊಟವಾಗಿ ಎರಡು ಮೂರು ಗಂಟೆ ಕಳೆದಿರಬೇಕು. ಎದ್ದ ತಕ್ಷಣ ಬಗ್ಗುವ ಸಾಧನೆ ಕೂಡದು. ಮೊದಲು ಹತ್ತು ನಿಮಿಷ ನಡೆದು ಮೈ ಬೆಚ್ಚಗಾಗಬೇಕು. ಹರ್ನಿಯಾ ಇರುವವರು, ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರು, ಗರ್ಭಿಣಿಯರು, ಹೊಸದಾಗಿ ಹೆತ್ತವರು, ರಕ್ತದ ಒತ್ತಡವುಳ್ಳವರು ವೈದ್ಯರನ್ನು ಕೇಳಿಯೇ ತೊಡಗಬೇಕು. ಸೊಂಟದ ನೋವು ಕಾಲಿಗೆ ಇಳಿದರೆ, ಪಾದ ಜೋಮು ಹಿಡಿದರೆ, ವ್ಯಾಯಾಮದಿಂದ ಅದನ್ನು ಓಡಿಸುವ ಸಾಹಸ ಬೇಡ. ಆ ದಿನವೇ ವೈದ್ಯರ ಬಳಿ ಹೋಗಬೇಕು.

ಇದಿಷ್ಟನ್ನೂ ನಾನು ಇಲ್ಲಿ ಬರೆದದ್ದಕ್ಕೆ ಇನ್ನೊಂದು ಕಾರಣವಿದೆ. ನಮ್ಮ ಊರುಗಳಲ್ಲಿ ಮರ ಹತ್ತುವವರು ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ಈಗ ನೆಲದ ಮೇಲೆ ನಿಂತು ಕಾರ್ಬನ್ ಫೈಬರ್ ದೋಟಿಯಿಂದ ಅಡಿಕೆ ಕೊಯ್ಯುವ, ಮದ್ದು ಬಿಡುವ ಪದ್ಧತಿ ಬಂದಿದೆ. ಬೀಳುವ ಭಯವಿಲ್ಲ, ಒಳ್ಳೆಯದೇ. ಆದರೆ ಗಂಟೆಗಟ್ಟಲೆ ಕತ್ತು ಮೇಲೆತ್ತಿ, ಉದ್ದದ ದೋಟಿಯ ತೂಕ ತಾಳುತ್ತ ನಡು ಹಿಂದಕ್ಕೆ ಬಾಗುವುದರಿಂದ ಸೊಂಟನೋವೆಂದು ಹೇಳುವ ಯುವಕರನ್ನು ನಾನು ನೋಡಿದ್ದೇನೆ. ಅವರಲ್ಲಿ ಕೆಲವರು ನಮ್ಮ ಸಹಪಾಠಿಗಳೇ. ಮರವಾಗಲಿ ದೋಟ್ಟಿಯಾಗಲಿ, ಕನ್ನಡಿಯ ಮುಂದೆ ಕಾಣುವ ಹೊಟ್ಟೆಗಿಂತ ಕೆಲಸದ ನಡುವೆ ಬೆನ್ನನ್ನು ಕಾಯುವ ಹೊಟ್ಟೆ ಅವರಿಗೆ ಬೇಕಾಗಿದೆ.

ಸೊಂಟ ವಾಸಿಯಾದ ಮೇಲೆ ನಾನು ಈ ಕ್ರಮವನ್ನು ಒಂದು ವರ್ಷ ನಡೆಸಿದೆ. ನನ್ನ ಹೊಟ್ಟೆಯ ಮೇಲೆ ಆರು ಕಟ್ಟುಗಳು ಕಾಣುವುದಿಲ್ಲ. ಬೆಳಕು ಸರಿಯಾಗಿ ಬಿದ್ದರೆ ಎರಡು ಕಾಣುತ್ತವೆಂದು ತಮ್ಮ ಹೇಳುತ್ತಾನೆ. ಆದರೆ ಕಳೆದ ಕೊಯ್ಲಿನಲ್ಲಿ ರಜೆಯ ದಿನಗಳಲ್ಲೆಲ್ಲ ಮರ ಹತ್ತಿದೆ. ಒಂದು ದಿನವೂ ಸೊಂಟ ಹಿಡಿಯಲಿಲ್ಲ. ಕಬಡ್ಡಿ ತಂಡದಲ್ಲಿಯೂ ಸ್ಥಾನ ಸಿಕ್ಕಿತು. ಕೊಯ್ಲು ಮುಗಿದ ದಿನ ಮಾವನ ಶುಲ್ಕದ ಹಣವನ್ನು ಹಿಂದಕ್ಕೆ ಕೊಡಲು ಹೋದೆ. ಅವರು ಅದನ್ನು ಎಣಿಸಿ ಜೇಬಿಗೆ ಹಾಕಿಕೊಂಡು, "ಬರುವ ವರ್ಷ ಮೇಲಿನ ತೋಟದ ಉದ್ದದ ಮರಗಳನ್ನು ನೀನೇ ಹತ್ತು, ನನಗೆ ಇನ್ನು ಸಾಕು" ಎಂದರು. ಆ ಮಾತನ್ನು ಉಳಿಸಿಕೊಳ್ಳಬೇಕಾಗಿರುವುದರಿಂದ ವಾರದ ಮೂರು ದಿನ ನನ್ನ ಚಾಪೆ ಹಾಸಿಯೇ ಇರುತ್ತದೆ. ಉಳಿದ ದಿನ ಭಾರದ ಸಾಧನೆಗೆ ಕೈ ಹಾಕುವುದಿಲ್ಲ.